ಹಗ್ಗದ ಇನ್ನೊಂದು ತುದಿ

ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಗಾದ್ರಪ್ಪನಿಗೆ ಉಬ್ಬಿತ್ತು. ಒಡೆದರೆ ಆಸ್ಪತ್ರೆ ಮುಟ್ಟುವಷ್ಟೂ ಸಮಯ ಸಿಗುವುದಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಹೊಟ್ಟೆ ಕೊಯ್ಯುವಂತಿರಲಿಲ್ಲ. ಬೀಡಿ ಸೇದಿ ಶ್ವಾಸಕೋಶ ಹಾಳಾಗಿತ್ತು. ಪೂರ್ತಿ ಅರಿವಳಿಕೆ ಕೊಟ್ಟರೆ ಮತ್ತೆ ತಾನಾಗಿ ಉಸಿರಾಡುವ ಖಾತರಿ ಇರಲಿಲ್ಲ. ಉಳಿದಿದ್ದು ಒಂದೇ ದಾರಿ: ಎಚ್ಚರವಿರುವಾಗಲೇ ತೊಡೆಸಂದಿಯಲ್ಲಿ ಸಣ್ಣ ತೂತು ಮಾಡಿ, ಬಟ್ಟೆ ಹೊದಿಸಿದ ಕೊಳವೆಯೊಂದನ್ನು ತೂರಿಸಿ ಉಬ್ಬಿದ ಜಾಗದೊಳಗೆ ಕೂರಿಸುವುದು.

"ಎಕ್ಸ್‌ರೇ ಚಿತ್ರ ತೆಗೆಯುವಾಗ ಹೇಳ್ತೀವಿ, ಆಗ ಉಸಿರು ಹಿಡೀಬೇಕು. ಅಲ್ಲಾಡಿದ್ರೆ ಕೊಳವೆ ಜರುಗಿ ಕಿಡ್ನಿಗೆ ರಕ್ತ ಹೋಗೋದು ನಿಲ್ಲಬಹುದು" ಎಂದರು ಡಾಕ್ಟರು.

"ಉಸಿರು ಹಿಡಿಯಾಕೆ ನಂಗೆ ಹೇಳಿಕೊಡ್ತೀರಾ? ಸೂಳೆಕೆರೇಲಿ ಬಲೆ ಸಿಕ್ಕಾಕ್ಕಂಡ್ರೆ ಬಿಡ್ಸಾಕೆ ಮುಳುಗ್ತಿದ್ದೋನು ನಾನು."

ಆದರೆ ಆ ಕೆಲಸವೇ ಅವನ ಕಿವಿ ತಿಂದಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಡಾಕ್ಟರು ಮಾಸ್ಕ್ ಹಾಕಿಕೊಂಡು "ಉಸಿರು ಹಿಡೀರಿ" ಎಂದು ತಾಲೀಮು ಮಾಡಿಸಿದಾಗ ಗಾದ್ರಪ್ಪ, "ಊಟ ಆತು ಸಾರ್" ಎಂದ.

ಡಾಕ್ಟರು ಮಾಸ್ಕ್ ಕೆಳಗೆಳೆದರು. "ಒಳಗೆ ಮಾಸ್ಕ್ ತೆಗೆಯೋ ಹಾಗಿಲ್ಲ. ಹೀಗಾದ್ರೆ ಅಪಾಯ ಇದ್ರೂ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಬೇಕಾಗುತ್ತೆ" ಎಂದರು.

ಪಕ್ಕದಲ್ಲಿದ್ದ ಹೆಂಡತಿ ಅಂಜಮ್ಮ ಮುಂದೆ ಬಂದಳು. "ನೀರೊಳಗೆ ಯಾರು ಕೂಗ್ತಾರೆ ಸಾರ್? ಸೊಂಟಕ್ಕೆ ಹಗ್ಗ ಕಟ್ಕಂಡು ಇಳೀತಿದ್ದ. ನಾನು ತೆಪ್ಪದಾಗೆ ಇನ್ನೊಂದು ತುದಿ ಹಿಡ್ಕಂಡು ಕೂರ್ತಿದ್ದೆ. ಒಂದ್ಸಲ ಜಗ್ಗಿದ್ರೆ ಮುಳುಗು, ಎರಡ್ಸಲ ಜಗ್ಗಿದ್ರೆ ಮ್ಯಾಲೆ ಬಾ. ನನ್ನ ಒಳಗೆ ಬಿಡ್ರಿ, ಜಗ್ತೀನಿ."

ಅವಳನ್ನು ಒಳಗೆ ಬಿಡುವಂತಿರಲಿಲ್ಲ. ನರ್ಸ್ ಪ್ರೇಮಲತಾ ಬ್ಯಾಂಡೇಜಿನ ಪಟ್ಟಿಯೊಂದನ್ನು ಅವನ ಮಣಿಕಟ್ಟಿಗೆ ಕಟ್ಟಿ ಜಗ್ಗಿದಳು.

"ಕರುನ ಎಳ್ದಂಗೆ ಎಳೀಬ್ಯಾಡವ್ವ. ಮೆಲ್ಲಕೆ. ಗಾಬರಿ ಆದ್ರೆ ಉಸಿರು ಬಿಟ್ಬಿಡ್ತಾನೆ" ಎಂದಳು ಅಂಜಮ್ಮ. ಸರಿಹೋಗುವವರೆಗೂ ಜಗ್ಗಿಸಿದಳು.

ಮಾರನೇ ದಿನ ಆಪರೇಷನ್ ಕೋಣೆಯೊಳಗೆ ಎಲ್ಲರ ಬಾಯಿಗೂ ಮಾಸ್ಕ್. ಗಾದ್ರಪ್ಪ ಮೇಲಿನ ದೀಪ ನೋಡುತ್ತ ಮಲಗಿದ್ದ. ಪಟ್ಟಿ ಒಂದು ಸಲ ಜಗ್ಗಿತು, ಉಸಿರು ಹಿಡಿದ. ಎರಡು ಸಲ ಜಗ್ಗಿತು, ಬಿಟ್ಟ. ಹೀಗೇ ನಡೆಯಿತು. ಕೊನೆಯ ಸಲ ಕೆಮ್ಮು ಗಂಟಲಿಗೇ ಬಂದು ನಿಂತಿತು. ತಡೆದುಕೊಂಡ. ಕೊಳವೆ ಕೂರಬೇಕಾದಲ್ಲಿ ಕೂತಿತು. ಪಟ್ಟಿ ಎರಡು ಸಲ ಜಗ್ಗಿದ ಮೇಲೆಯೇ ಕೆಮ್ಮಿದ.

ವಾರ್ಡಿಗೆ ತಂದ ಮೇಲೆ ಅಂಜಮ್ಮನನ್ನು ಕೇಳಿದ, "ಹಗ್ಗ ಹಿಡ್ದಿದ್ದೋಳು ನೀನಾ?"

ಅವಳು ತುಟಿ ಕಾಣುವಂತೆ ಬಗ್ಗಿದಳು. "ಅಲ್ಲ. ಆ ನರ್ಸಮ್ಮ."

"ಅದ್ಕೇ ಬ್ಯಾಗನೆ ಮ್ಯಾಲೆ ಕರೆದ್ಲು. ನೀನಾಗಿದ್ರೆ ಇನ್ನೂ ಒಂದಿಷ್ಟು ಹೊತ್ತು ಮುಳುಗಿಸ್ತಿದ್ದೆ."

"ಮುಳುಗಿಸ್ತಿದ್ದೆ" ಎಂದಳು ಅಂಜಮ್ಮ. "ಕಾಲು ಮಡಚಬ್ಯಾಡ, ಸುಮ್ನೆ ಮಲಕ್ಕ."