ಕೆಂಪು ಕಾರಿನ ನಾಲ್ಕನೇ ಕೇಬಲ್

ನಾನು ಒಂದು ಕ್ಲಚ್ ಕೇಬಲ್. ಹೆಸರು ಕೇಳಿ ಮುಖ ತಿರುಗಿಸಬೇಡಿ. ಕಾರಿನ ಮಾತು ಬಂದರೆ ಜನ ಎಂಜಿನ್ ಅನ್ನುತ್ತಾರೆ, ಟೈರು ಅನ್ನುತ್ತಾರೆ, ಬಣ್ಣ ಅನ್ನುತ್ತಾರೆ. ನನ್ನ ಹೆಸರು ಬಾಯಿಗೆ ಬರುವುದು ನಾನು ಕಿತ್ತುಹೋದ ದಿನ ಮಾತ್ರ, ಅದೂ ಬೈಗುಳದ ಜೊತೆ. ನನ್ನ ಕೆಲಸ ಸಣ್ಣದು. ಓಡಿಸುವವರು ಎಡಗಾಲಿನಲ್ಲಿ ಪೆಡಲ್ ಒತ್ತಿದರೆ, ಆ ಒತ್ತನ್ನು ನಾನು ಎಳೆದುಕೊಂಡು ಹೋಗಿ ಗೇರ್‌ಬಾಕ್ಸಿಗೆ ಮುಟ್ಟಿಸಬೇಕು. ಅಷ್ಟೇ. ಆದರೆ ನಾನು ಮುಟ್ಟಿಸದಿದ್ದರೆ ಎಂಥ ಗಂಡೆದೆಯ ಕಾರಾದರೂ ನಿಂತಲ್ಲೇ ನಿಲ್ಲಬೇಕು.

ನಾನು ಹುಟ್ಟಿದ್ದು ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ಕೂದಲೆಳೆಯಂಥ ಉಕ್ಕಿನ ತಂತಿಗಳನ್ನು ಜಡೆ ಹೆಣೆದ ಹಾಗೆ ಹೆಣೆದು ನನ್ನ ಒಳಜೀವ ಮಾಡಿದರು. ಅದಕ್ಕೆ ಇನ್ನರ್ ಎನ್ನುತ್ತಾರೆ. ಅದರ ಸುತ್ತ ನುಣುಪಾದ ಪ್ಲಾಸ್ಟಿಕ್ಕಿನ ಒಂದು ನಳಿಗೆ, ನಳಿಗೆಯ ಮೇಲೆ ಸುರುಳಿ ಸುತ್ತಿದ ಉಕ್ಕಿನ ಹೊರಮೈ, ಅದರ ಮೇಲೆ ಕರಿ ಹೊದಿಕೆ. ತುದಿಗೆ ಲೋಹದ ಗುಂಡು ಕೂರಿಸುತ್ತಿದ್ದಾಕೆ ಜಯಶೀಲಮ್ಮ. ಪ್ರತಿ ಕೇಬಲ್ಲನ್ನೂ ಎಳೆದು ನೋಡಿ, ಹೆಣ್ಣನ್ನು ಗಂಡನ ಮನೆಗೆ ಕಳಿಸುವವಳಂತೆ, "ಹೋಗು ತಾಯಿ, ಒಳ್ಳೇ ಕಾಲು ಸಿಗಲಿ" ಎಂದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದಳು. ನನಗೂ ಅದೇ ಹಾರೈಕೆ ಸಿಕ್ಕಿತು.

ಅಲ್ಲಿಂದ ಬಂದದ್ದು ಮೈಸೂರಿಗೆ, ಗಫಾರ್ ಸಾಬರ ಸ್ಪೇರ್ ಪಾರ್ಟ್ಸ್ ಅಂಗಡಿಗೆ. ಅದು ಅಂಗಡಿ ಅನ್ನುವುದಕ್ಕಿಂತ ಓಣಿಗೆ ಬಾಗಿಲು ಇಟ್ಟ ಹಾಗಿತ್ತು. ಗೋಡೆಯ ಮೊಳೆಗೆ ನನ್ನನ್ನು ನೇತುಹಾಕಿದರು. ನನ್ನ ಪಕ್ಕದ ಮೊಳೆಯಲ್ಲಿ ವಿದೇಶದಿಂದ ಬಂದ ಒಬ್ಬ, ಮೈತುಂಬ ಬೆಳ್ಳಿಯಂತೆ ಹೊಳೆಯುವ ಉಕ್ಕಿನ ನೇಯ್ಗೆಯವನು. ಬಂದವರೆಲ್ಲ ಮೊದಲು ಅವನನ್ನೇ ಮುಟ್ಟಿ, ಬೆಲೆ ಕೇಳಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಆಮೇಲೂ ನನ್ನ ಕಡೆ ತಿರುಗುತ್ತಿರಲಿಲ್ಲ, ಅದು ಬೇರೆ ಮಾತು.

ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರು ಬಂದರು. ಅಕ್ಕ ನಳಿನಾಕ್ಷಿ, ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಶಾಲೆ ನಡೆಸುವಾಕೆ. ತಮ್ಮ ದಯಾನಂದ, ಮೆಕ್ಯಾನಿಕ್ಕು. ಅವನ ಕೈಯಲ್ಲಿ ನನ್ನ ಜಾತಿಯದೇ ಒಂದು ಹೆಣ.

"ಮತ್ತೆ ಕಿತ್ತೋಯ್ತಾ?" ಗಫಾರ್ ಸಾಬರು ಕನ್ನಡಕ ಹಣೆಗೇರಿಸಿದರು. "ಏನಕ್ಕಾ, ಮೂರನೇದು! ಕೇಬಲ್‌ನ ಶಾವಿಗೆ ಮಾಡ್ಕೊಂಡು ತಿಂತಿದೀರಾ?"

"ನಗಿ ಸಾಬ್ರೇ, ನಗಿ. ಅಲ್ಲಿ ಸ್ಟಾರ್ಟಿಂಗ್ ಗೆರೆ ಮೇಲೆ ನಿಂತ್ಕೊಂಡು ಪೆಡಲ್ ಒತ್ತಿ ಒತ್ತಿ ನನ್ ಮಂಡಿ ಸತ್ತೋಯ್ತು. ಗೇರ್ ಬೀಳ್ಲಿಲ್ಲ. ಹುಡುಗ್ರು ಬಂದು ಕಾರು ತಳ್ಳಿ ಪಕ್ಕಕ್ ನಿಲ್ಸಿದ್ರು. ನಾನು ಡ್ರೈವಿಂಗ್ ಟೀಚರ್ ಬೇರೆ!"

ಅವರ ಮಾತಿನಿಂದಲೇ ನನಗೆ ಸಂಗತಿ ತಿಳಿಯಿತು. ಅಕ್ಕ ತಮ್ಮ ಸೇರಿ ಒಂದು ಹಳೇ ಪುಟ್ಟ ಕಾರು ಕೊಂಡು, ಎಂಜಿನ್ನಿಗೆ ಬಲ ತುಂಬಿಸಿ, ಕೆಂಪು ಬಣ್ಣ ಹೊಡೆದು ರೇಸಿನ ಕಾರು ಮಾಡಿದ್ದರು. ಮಣ್ಣಿನ ಮೈದಾನದಲ್ಲಿ ಕಂಬ ನೆಟ್ಟಿರುತ್ತಾರೆ. ಒಬ್ಬೊಬ್ಬರಾಗಿ ಅವುಗಳ ನಡುವೆ ಸುತ್ತಿ ಬರಬೇಕು, ಬೇಗ ಬಂದವರು ಗೆದ್ದಂತೆ. ನಳಿನಾಕ್ಷಿ ಗೆದ್ದದ್ದೂ ಉಂಟು. ಆದರೆ ಈ ವರ್ಷ ಕೇಬಲ್ಲಿನ ಮೇಲೆ ಕೇಬಲ್ ಸಾಯುತ್ತಿತ್ತು.

"ಈ ಭಾನುವಾರವೂ ನಿಂತೋದ್ರೆ ಮಾರ್ಬಿಡೋದೇ ಸಾಬ್ರೇ," ಎಂದಳು. "ಚಾಮರಾಜನಗರದ ರಾಜಶೇಖರಪ್ಪ ಅವ್ರು ಸೋಮವಾರ ಬರ್ತೀನಿ ಅಂದವ್ರೆ. ನಾನೂ ಹ್ಞೂ ಅಂದಿದೀನಿ."

ದಯಾನಂದ ಓಣಿಯ ಕಡೆ ತಿರುಗಿಕೊಂಡ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅವನ ಮನಸ್ಸು ತಿಳಿಯಲು ಆ ಬೆನ್ನೇ ಸಾಕಾಗಿತ್ತು.

"ಇದ್ ಕೊಡಿ," ಎಂದು ಬೆಳ್ಳಿಮೈಯವನನ್ನು ಮೊಳೆಯಿಂದ ಇಳಿಸಿದ. "ಇದು ಕಿತ್ಕೊಳೋ ಮಾತೇ ಇಲ್ಲ."

"ತಡಿಯೋ," ಎಂದಳು ಅಕ್ಕ. "ನಿಂಗೆ ಮಿರಮಿರ ಅಂದ್ರೆ ಸಾಕು. ಮದ್ವೆಗೆ ಹೆಣ್ಣು ನೋಡೋಕ್ ಹೋದಾಗ್ಲೂ ಶೋಕೇಸ್ ನೋಡ್ಕೊಂಡ್ ಬಂದೋನು ನೀನು."

ಸ್ಟೂಲಿನ ಮೇಲೆ ಕುಳಿತು, ಒಂದೊಂದೇ ಕೇಬಲ್ಲನ್ನು ಕಾರಿನೊಳಗೆ ಬಾಗಿರುವ ಹಾಗೆಯೇ ಬಾಗಿಸಿ, ಹೊರಮೈಯನ್ನು ಚಪ್ಪಲಿಯಡಿ ಅದುಮಿ, ಇನ್ನರನ್ನು ಕೈಯಲ್ಲಿ ಎಳೆದು ನೋಡಿದಳು. ನೇರ ಹಿಡಿದಾಗ ಎಲ್ಲರೂ ಸಾಧುಗಳೇ. ಬಾಗಿಸಿದಾಗಲೇ ಬಣ್ಣ ಬಯಲಾಗುವುದು. ಬೆಳ್ಳಿಮೈಯವನು ತಿರುವಿನಲ್ಲಿ ಕರಕರ ಎಂದ. ಮತ್ತೊಬ್ಬ ಎಳೆದಾಗ ಹೊಟ್ಟೆ ಉಬ್ಬಿಸಿದ. ಅಗ್ಗದವನಿಗೆ ಒಳಗೆ ನಳಿಗೆಯೇ ಇರಲಿಲ್ಲ. ನನ್ನ ಸರದಿ ಬಂದಾಗ, ಇನ್ನರ್ ಸದ್ದಿಲ್ಲದೆ ಜಾರಿತು.

"ಇದ್ ನೋಡೋ, ಬೆಣ್ಣೇಲಿ ದಾರ ಎಳ್ದಂಗಿದೆ."

"ಸಪೂರ ಐತಲ್ಲಕ್ಕಾ?"

"ಸಪೂರ ಇದ್ರೇನು? ಭಾರ ಎಳಿಯೋದು ದಪ್ಪ ಅಲ್ಲಪ್ಪ, ಹೆಣಿಗೆ," ಎನ್ನುತ್ತ ಗಫಾರ್ ಸಾಬರು ನನ್ನನ್ನು ಹಳೆಯದರ ಪಕ್ಕ ಹಿಡಿದು ಹೊರಮೈಯ ಉದ್ದ ಸರಿಯಿದೆಯೇ ನೋಡಿದರು. ಆಮೇಲೆ ಹಳೆಯದರ ಇನ್ನರ್ ಎಳೆದರೆ ಅದು ಬರಲೇ ಇಲ್ಲ. ಬ್ಲೇಡಿನಿಂದ ಸೀಳಿದರು. ಒಳಗಿನ ನಳಿಗೆ ಕರಗಿ, ತಂತಿಗೆ ಅಂಟಿಕೊಂಡು, ತಳಹಿಡಿದ ಬೆಲ್ಲದ ಪಾಕದಂತಾಗಿತ್ತು.

"ಸೈಲೆನ್ಸರ್ ಪೈಪಿನ ಕಾವು," ಎಂದ ದಯಾನಂದ. ಸಾಬರು ಹೌದೆಂದರು, ಅಕ್ಕನೂ ಹೌದೆಂದಳು. ಹೊರಗಿನ ಕರಿ ಹೊದಿಕೆ ಮಾತ್ರ ಎಲ್ಲೂ ಬಾಡಿರಲಿಲ್ಲ. ಅದೇಕೆಂದು ಯಾರೂ ಕೇಳಲಿಲ್ಲ.

ಶನಿವಾರ ನನ್ನನ್ನು ಕಾರಿಗೆ ಕೂರಿಸಿದರು. ಬಾನೆಟ್ಟಿನೊಳಗೆ ಕಾಲಿಟ್ಟವನಿಗೆ ಕಣ್ಣು ಕುಕ್ಕಿತು. ಎಲ್ಲೆಲ್ಲೂ ಕೆಂಪು, ಕನ್ನಡಿಯಂಥ ಕೆಂಪು. ಹೋದ ಆಯುಧಪೂಜೆಗೆ ದಯಾನಂದ ಎಂಜಿನ್ನನ್ನೇ ಇಳಿಸಿ, ಸಣ್ಣ ಬೋಲ್ಟನ್ನೂ ಬಿಡದೆ ಬಿಚ್ಚಿ, ಮೂರು ಕೈ ಬಣ್ಣ ಹೊಡೆದಿದ್ದನಂತೆ. ಕುಂಬಳಕಾಯಿ ಒಡೆಯುವ ಹೊತ್ತಿಗೆ ಬೀದಿಯವರನ್ನೆಲ್ಲ ಕರೆದು, "ಇಲ್ಲಿ ಎಲೆ ಹಾಕಿ ಊಟ ಬಡಿಸ್ಬೋದು" ಎಂದು ಬಾನೆಟ್ ಎತ್ತಿ ತೋರಿಸಿದ್ದನಂತೆ.

ನನ್ನನ್ನು ಬಿಗಿದು, ಕೀ ತಿರುಗಿಸಿದ. ಆಗ ಆದದ್ದನ್ನು ಹೇಗೆ ಹೇಳಲಿ? ನನ್ನ ಮೈಯೊಳಗೆ ಯಾರೋ ಕಾದ ಸಲಾಕೆ ನುಗ್ಗಿಸಿದ ಹಾಗೆ. ಕ್ಷಣ ಮಾತ್ರ. ಎಂಜಿನ್ ಹೊತ್ತಿಕೊಂಡಿತು, ಉರಿ ನಿಂತಿತು. ಪೈಪು ನನ್ನಿಂದ ಗೇಣು ದೂರದಲ್ಲಿ ಇನ್ನೂ ತಣ್ಣಗೆ ಕುಳಿತಿತ್ತು, ಪಾಪ, ಏನೂ ಅರಿಯದ ಹಾಗೆ. ನನ್ನ ಹಿಂದಿನ ಮೂವರೂ ಹೀಗೇ ಸತ್ತರೆಂದು ನನಗೆ ಆಗಲೇ ತಿಳಿಯಿತು. ಹೇಳೋಣವೆಂದರೆ ಬಾಯಿಲ್ಲ.

ಭಾನುವಾರ ಮೈದಾನದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಎಂಜಿನ್ನಿಗೆ ಚಳಿ. ದಯಾನಂದ ಸೀಟಿನಲ್ಲಿ ಕುಳಿತು ಕೀ ತಿರುಗಿಸುತ್ತಾನೆ, ಸ್ಟಾರ್ಟರ್ ಮುದುಕನಂತೆ ಕೆಮ್ಮುತ್ತದೆ, ಹೊತ್ತಿಕೊಳ್ಳುವುದಿಲ್ಲ. "ಹೊಸ ಬ್ಯಾಟರಿ ಹಾಕಿದ್ರೂ ಇದೇ ಹಾಡು," ಎಂದು ಮತ್ತೆ ತಿರುಗಿಸುತ್ತಾನೆ. ಪ್ರತಿ ಸಲವೂ ನನ್ನೊಳಗೆ ಉರಿ. ನಳಿನಾಕ್ಷಿ ಬಾನೆಟ್ಟಿಗೆ ಬಗ್ಗಿ, ನಾನು ಪೈಪಿಗೆ ತಾಗದಿರಲೆಂದು ಹಿಂದಕ್ಕೆ ಎಳೆದು ಕಟ್ಟುತ್ತಿದ್ದಳು. ಅವನು ಇನ್ನೊಮ್ಮೆ ಕೀ ತಿರುಗಿಸಿದ.

"ಅಯ್ಯಯ್ಯಪ್ಪಾ!" ಕೈ ಕೊಡವಿಕೊಂಡು ಹಿಂದಕ್ಕೆ ಹಾರಿದಳು.

"ಏನಾಯ್ತಕ್ಕಾ? ಪೈಪ್ ಮುಟ್ಟಿದ್ಯಾ?"

"ಪೈಪಲ್ವೋ, ಕೇಬಲ್ಲು! ಕಾದ ಹೆಂಚಾಗಿದೆ."

"ಪೈಪಿನ ಕಾವು ತಾಗಿರ್ಬೇಕು."

"ಎಂಜಿನ್ನೇ ಹತ್ಕೊಂಡಿಲ್ಲ, ಪೈಪಿಗೆ ಕಾವು ಎಲ್ಲಿಂದ ಬಂತೋ? ನೀನೇ ಬಂದು ಮುಟ್ಟು."

ದಯಾನಂದ ಇಳಿದು ಬಂದು ಪೈಪಿನ ಮೇಲೆ ಕೈಯಿಟ್ಟ. ಅದರ ಮೇಲೆ ಇಬ್ಬನಿಯ ಹನಿ ಕೂತಿತ್ತು. ಆಮೇಲೆ ನನ್ನನ್ನು ಮುಟ್ಟಿ, ಕೈ ಕಿತ್ತುಕೊಂಡ. ಬಗ್ಗಿ ಎಂಜಿನ್ನಿನ ಪಕ್ಕ, ತಾನೇ ಬಣ್ಣ ಹೊಡೆದ ಜಾಗ ನೋಡಿದ.

"ಅಕ್ಕಾ... ಕರೆಂಟು."

"ಏನು?"

"ಬ್ಯಾಟರಿ ಕರೆಂಟು ಸ್ಟಾರ್ಟರಿಗೆ ಹೋದ್ಮೇಲೆ ವಾಪಸ್ ಬರ್ಬೇಕಲ್ಲ? ಎಂಜಿನ್ನಿಂದ ಬಾಡಿಗೆ ಒಂದು ಅರ್ತಿಂಗ್ ಪಟ್ಟಿ ಇರುತ್ತೆ, ಅದ್ರಲ್ಲಿ ಬರುತ್ತೆ. ಆ ಪಟ್ಟೀನ ನಾನು..." ಅವನು ತಲೆ ಕೆರೆದುಕೊಂಡ. "ಬಣ್ಣ ಹೊಡ್ದು, ಬಣ್ಣದ ಮೇಲೇ ಬಿಗ್ದಿದೀನಿ ಕಣಕ್ಕಾ. ಲೋಹಕ್ಕೆ ಲೋಹ ತಾಗ್ತಾನೇ ಇಲ್ಲ. ಕರೆಂಟು ದಾರಿ ಕಾಣ್ದೆ ಕ್ಲಚ್ ಕೇಬಲ್ ಮೇಲೆ ನುಗ್ತಿದೆ."

"ಅಂದ್ರೆ ರೇನ್‌ಕೋಟ್ ಹಾಕ್ಸಿ ಸ್ನಾನ ಮಾಡ್ಸಿದೀಯ ನನ್ ಕಾರಿಗೆ!"

ಅಷ್ಟು ಹೊತ್ತಿಗೆ ಮೈಕಿನಲ್ಲಿ ಅವಳಿಗಿಂತ ಮುಂಚಿನವರ ಹೆಸರು ಕರೆದರು. ದಯಾನಂದ ಪಟ್ಟಿ ಬಿಚ್ಚಿ, ಉಪ್ಪುಕಾಗದ ಹಿಡಿದು, ಕೆಂಪು ಕನ್ನಡಿಯ ಮುಂದೆ ಕೈ ತಡೆದು ನಿಂತ.

"ಕೆರೆಯೋ! ಅದೇನ್ ನಿನ್ ಹೆಂಡ್ತಿ ಕೆನ್ನೇನಾ?"

ಕಣ್ಣು ಮುಚ್ಚಿಕೊಂಡೇ ಕೆರೆದ. ಕೆಂಪು ಪುಡಿಯಾಗಿ ಉದುರಿ, ಕೆಳಗಿನಿಂದ ಬರಿಯ ಲೋಹ ಇಣುಕಿತು. ಪಟ್ಟಿಯನ್ನು ಅಲ್ಲಿ ಒತ್ತಿ ಬಿಗಿದ. "ಈಗ ಹಿಡ್ಕೋ ಅಕ್ಕಾ" ಎಂದ. ನಳಿನಾಕ್ಷಿ ಸೆರಗು ಸುತ್ತಿದ ಕೈಯಲ್ಲಿ ನನ್ನನ್ನು ಹಿಡಿದಳು. ನಾನು ಉರಿಗಾಗಿ ಮೈ ಬಿಗಿ ಹಿಡಿದೆ.

ಸ್ಟಾರ್ಟರ್ ಗರ್ರನೆ ತಿರುಗಿತು, ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು. ನನ್ನೊಳಗೆ ಏನೂ ಇಲ್ಲ. ತಂಗಾಳಿ ಬೀಸಿದ ಹಾಗಿತ್ತು. ಅವಳು ಸೆರಗು ಬಿಚ್ಚಿ ಬರಿಗೈಯಲ್ಲಿ ಮುಟ್ಟಿದಳು.

"ತಣ್ಣಗಿದೆ ಕಣೋ," ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಆದರೆ ನಾನು ಅಷ್ಟರಲ್ಲೇ ಅರ್ಧ ಬೆಂದಿದ್ದೆ. ಮೊದಲ ತಿರುವಿನಲ್ಲಿ ಅವಳು ಪೆಡಲ್ ಒತ್ತಿದಾಗ ನನ್ನ ನಳಿಗೆಯ ಕರಗಿದ ಜಾಗ ಹಿಡಿದುಕೊಂಡಿತು. ಅವಳ ಕಾಲಿಗೆ ಅದು ತಿಳಿಯಿತು. ಸಾವಿರಾರು ಹೆದರಿದ ಕಾಲುಗಳಿಗೆ ಕ್ಲಚ್ ಕಲಿಸಿದ ಕಾಲು ಅದು. ಮುಂದೆ ಎಲ್ಲಿ ಬಿಡಬಹುದೋ ಅಲ್ಲಿ ಗೇರ್ ಬದಲಿಸದೆ, ಒತ್ತಲೇಬೇಕಾದಲ್ಲಿ ಮಾತ್ರ ಒತ್ತಿ, ಕೆಂಪು ಧೂಳೆಬ್ಬಿಸಿಕೊಂಡು ಗೆರೆ ದಾಟಿದಳು. ಗೆದ್ದಳೇ? ಇಲ್ಲ, ಆರನೆಯವಳಾದಳು. ಹಾಗಿದ್ದರೂ ದಯಾನಂದ ಓಡಿ ಬಂದು ಬಾನೆಟ್ ತಬ್ಬಿಕೊಂಡು ನಿಂತ.

ಅವಳು ಹೆಲ್ಮೆಟ್ಟನ್ನೂ ಸರಿಯಾಗಿ ತೆಗೆಯದೆ ಫೋನ್ ಮಾಡಿದಳು. "ರಾಜಶೇಖರಪ್ಪ ಅವ್ರಾ? ನಾಳೆ ಬರ್ಬೇಡಿ ಸಾರ್. ಇಲ್ಲ ಇಲ್ಲ, ರೇಟಿನ ಮಾತಲ್ಲ. ಕಾರಿಗೆ ಏನೂ ಆಗಿರ್ಲಿಲ್ಲ, ನನ್ ತಮ್ಮಂಗೆ ಬಣ್ಣದ ಹುಚ್ಚು, ಅಷ್ಟೇ. ತಪ್ ತಿಳ್ಕೋಬೇಡಿ." ಫೋನಿಟ್ಟು ತಮ್ಮನ ಬೆನ್ನಿಗೊಂದು ಗುದ್ದು ಕೊಟ್ಟಳು. "ನಡಿ, ಇಡ್ಲಿ ತಿನ್ನಣ. ಹೊಟ್ಟೆ ಈಗ ಹಸೀತಾ ಇದೆ."

ಅರ್ಧ ಬೆಂದವನೆಂದು ನನ್ನನ್ನು ಬಹಳ ದಿನ ದುಡಿಸಲಿಲ್ಲ. ಒಂದು ವಾರದೊಳಗೆ ಸಾಬರ ಅಂಗಡಿಯಿಂದ ನನ್ನದೇ ಪೀಣ್ಯದ ತಂಗಿಯೊಬ್ಬಳನ್ನು, ಮತ್ತೆ ಚಪ್ಪಲಿಯಡಿ ಅದುಮಿ ಎಳೆದು ನೋಡಿ, ಆರಿಸಿ ತಂದರು. ನಾನು ಗುಜರಿಗೆ ಹೋಗುತ್ತೇನೆಂದುಕೊಂಡಿದ್ದೆ. ನಳಿನಾಕ್ಷಿ ಡ್ರೈವಿಂಗ್ ಶಾಲೆಯ ಗೋಡೆಗೆ ನನ್ನನ್ನು ಮೊಳೆ ಹೊಡೆದು ಕೂರಿಸಿದಳು. ಹೊಸದಾಗಿ ಬಂದ ಹೆಂಗಸರಿಗೆ, "ಬನ್ನಿ, ಇದನ್ನ ಎಳೀರಿ. ಕ್ಲಚ್ ಅಂದ್ರೆ ಇಷ್ಟೇ, ಹೆದ್ರೋಂಥದ್ದೇನಿಲ್ಲ" ಎನ್ನುತ್ತಾಳೆ. ಅವರು ಹಾವಿನ ಬಾಲ ಹಿಡಿದ ಹಾಗೆ ಹಿಡಿದು ಎಳೆಯುತ್ತಾರೆ. ಬೆಂದ ಜಾಗದಲ್ಲಿ ನಾನು ಸ್ವಲ್ಪ ಮೊಂಡು ಮಾಡುತ್ತೇನೆ, ಆಮೇಲೆ ಬರುತ್ತೇನೆ. ಅವರು ನಗುತ್ತಾರೆ.

ವಯಸ್ಸಾಗಿದೆ. ತುದಿಯ ಎಳೆಗಳು ಬಿಚ್ಚಿಕೊಳ್ಳುತ್ತಿವೆ. ಮಾಡಿದ ಕೆಲಸ ದೊಡ್ಡದೇನಲ್ಲ. ಸುಡುವಾಗ ಒಂದು ಕೈಗೆ ಸಿಕ್ಕೆ, ಅಷ್ಟೇ. ಮನೆಯಲ್ಲೂ ಹಾಗೆಯೇ ಇರಬೇಕು ಅನ್ನಿಸುತ್ತದೆ. ಯಾರೋ ದಾರಿ ಮುಚ್ಚುತ್ತಾರೆ, ಯಾರ ಮೇಲೋ ಉರಿ ಹಾಯುತ್ತದೆ, ಮುಟ್ಟಿ ನೋಡುವವರು ಸಿಗುವ ತನಕ ತಪ್ಪೆಲ್ಲ ಬೆಂದವನದೇ.

ಭಾನುವಾರ ಬೆಳಿಗ್ಗೆ ಗೋಡೆಯಾಚೆ ಕೆಂಪು ಕಾರಿನ ಕೀ ತಿರುಗುವ ಸದ್ದಾಗುತ್ತದೆ. ಪ್ರತಿ ಸಲವೂ ನಾನು ಉಸಿರು ಬಿಗಿ ಹಿಡಿಯುತ್ತೇನೆ. ಗರ್ರ್ ಎಂದು ಒಂದೇ ಏಟಿಗೆ ಎಂಜಿನ್ ಹೊತ್ತಿಕೊಳ್ಳುತ್ತದೆ. ತಂಗಿ ತಣ್ಣಗಿದ್ದಾಳೆ.