ಮಾವನಿಗೆ ಅಳಿಯನ ಹೊಟ್ಟೆ

ಮಾವ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ನಿವೃತ್ತರಾದ ಮೇಲೂ ಮನೆಯವರ ಮಾತಿನಲ್ಲಿ ತಪ್ಪು ಹೆಕ್ಕದೆ ಬಿಡುತ್ತಿರಲಿಲ್ಲ. ಅಳಿಯನಿಗೆ 'ಗುಡಾಣ' ಅಂತ ಹೆಸರಿಟ್ಟವರೂ ಅವರೇ. ಲಿಫ್ಟ್ ರಿಪೇರಿ ಮಾಡುವ ಆ ಗುಂಡು ಮನುಷ್ಯ ಊಟಕ್ಕೆ ಕೂತರೆ ಪಾತ್ರೆಯ ತಳ ಕಾಣುವವರೆಗೆ ಏಳುತ್ತಿರಲಿಲ್ಲ. "ತಟ್ಟೆಯನ್ನಾದರೂ ಉಳಿಸಪ್ಪಾ" ಅಂತ ಮಾವ ಅಂದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಗುಡಾಣನೇ.

ಆ ವರ್ಷ ಮಾವನ ಕಾಲಿನ ಹುಣ್ಣು ಕೀವಾಗಿ, ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗಬೇಕಾಯಿತು. ಹುಣ್ಣೇನೋ ಮಾಯಿತು, ಮನುಷ್ಯ ಮಂಕಾದರು. ಹೊಟ್ಟೆಯುಬ್ಬರ, ಅನ್ನ ಸೇರದು, ನಿದ್ದೆ ಹತ್ತದು. ತಪ್ಪು ಹೆಕ್ಕುವುದನ್ನೂ ಬಿಟ್ಟು ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡರು.

"ಅಪ್ಪ ಇದ್ದಕ್ಕಿದ್ದ ಹಾಗೆ ಹಣ್ಣು ಮುದುಕರಾಗಿಬಿಟ್ರಲ್ರೀ" ಎಂದು ಮಗಳು ಗಂಡನೆದುರು ಕಣ್ಣೊರೆಸಿಕೊಂಡಳು. ಮೂವರೂ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ಖಿನ್ನತೆಗೆ ಔಷಧಿ ಬರೆದುಕೊಟ್ಟು ಇನ್ನೊಂದು ಮಾತು ಹೇಳಿದರು. "ನಮ್ಮ ಕರುಳಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇವೆ. ವಯಸ್ಸಾದ ಹಾಗೆ ಆ ಬಳಗ ಬದಲಾಗುತ್ತೆ. ಆಂಟಿಬಯೋಟಿಕ್ ಅದನ್ನ ಇನ್ನಷ್ಟು ಬರಿದು ಮಾಡಿರಬಹುದು. ಖಿನ್ನತೆ ಇರೋರಲ್ಲಿ ಈ ಬಳಗ ಬೇರೆ ಥರ ಇರೋದು ಕಂಡುಬಂದಿದೆ. ಯಾವುದರಿಂದ ಯಾವುದು ಅನ್ನೋದು ಮಾತ್ರ ಇನ್ನೂ ಸರಿಯಾಗಿ ಗೊತ್ತಿಲ್ಲ. ನಮ್ಮಲ್ಲೊಂದು ಪ್ರಯೋಗ ನಡೀತಿದೆ. ಆರೋಗ್ಯವಾಗಿರೋರ ಮಲದಿಂದ ಬ್ಯಾಕ್ಟೀರಿಯಾ ತೆಗೆದು, ಕ್ಯಾಪ್ಸೂಲಿನಲ್ಲಿ ತುಂಬಿ ಕೊಡ್ತೀವಿ. ಮನೆಯವರೇ ಕೊಟ್ಟರೂ ಆಗುತ್ತೆ."

"ಇವರಿಗಿಂತ ಗಟ್ಟಿ ಹೊಟ್ಟೆ ಇನ್ನೆಲ್ಲಿ ಸಿಗಬೇಕು ಡಾಕ್ಟ್ರೇ!" ಮಗಳು ಗಂಡನತ್ತ ಕೈ ತೋರಿಸಿದಳು.

ಮಾವ ಎಷ್ಟೋ ದಿನದ ಮೇಲೆ ಬಾಯಿಬಿಟ್ಟರು. "ಇವನದ್ದಾ? ಈ ವಯಸ್ಸಿನಲ್ಲಿ ನನಗೆ ಇದೂ ಬಾಕಿ ಇತ್ತಾ?"

ಗುಡಾಣ ಹೊಟ್ಟೆ ಕುಣಿಸುತ್ತಾ ನಕ್ಕ.

ಪಕ್ಕದ ಕೋಣೆಯಲ್ಲಿ ನರ್ಸ್ ಅವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳತೊಡಗಿದಳು. ಬಾಗಿಲು ತೆರೆದೇ ಇತ್ತು.

"ಸಕ್ಕರೆ ಕಾಯಿಲೆ?"

"ಇಲ್ಲ."

"ಹೊಟ್ಟೆನೋವು?"

"ನನ್ನ ಹತ್ರ ಬರೋಕೆ ಅದಕ್ಕೇ ಹೆದರಿಕೆ."

"ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಭಾರ ಅಂತ ಇತ್ತೀಚೆಗೆ ಅನ್ನಿಸಿದ್ದಿದೆಯಾ?"

ತಮಾಷೆ ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. ರಿಪೇರಿ ಮುಗಿದ ಮೇಲೂ ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲೆ ಟಾರ್ಚ್ ಆರಿಸಿ ಕೂತುಬಿಡುವುದು, ಕೆಳಗಿನಿಂದ ಯಾರಾದರೂ ಕೂಗಿದರಷ್ಟೇ ಇಳಿಯುವುದು ಅವನಿಗೆ ನೆನಪಾಯಿತು.

"ಇದೆ ಸಿಸ್ಟರ್. ಯಾವಾಗ ಶುರುವಾಯ್ತೋ ಗೊತ್ತಿಲ್ಲ. ಊಟ ಮಾಡ್ತೀನಿ, ರುಚಿ ತಿಳಿಯಲ್ಲ. ತಿನ್ನೋ ಹೊತ್ತಲ್ಲಿ ಯಾರೂ ಏನೂ ಕೇಳಲ್ಲ ನೋಡಿ, ಅದಕ್ಕೇ ತಿನ್ನೋದು."

ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಡಾಕ್ಟರಮ್ಮ ಮೆಲ್ಲಗೆ ಹೇಳಿದರು: "ಹಾಗಾದ್ರೆ ನಿಮ್ಮಿಂದ ತಗೊಳ್ಳೋಕಾಗಲ್ಲ. ನೀವೂ ನನ್ನ ಹತ್ರ ತೋರಿಸ್ಕೋಬೇಕು."

ಹೊರಗಿನ ಬೆಂಚಿನಲ್ಲಿ ಹೆಂಡತಿ ಅವನ ಕೈ ಹಿಡಿದುಕೊಂಡು ಕೂತಳು. ಮಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನನಗೊಂದು ಮಾತು ಹೇಳಬಾರದಿತ್ತೇನೋ?"

"ನೀವೇ ಹಾಗೆ ಕೂತಿರುವಾಗ ಏನಂತ ಹೇಳಲಿ ಮಾವ?"

ಮಾವ ಅವನ ಬೆನ್ನ ಮೇಲೆ ಕೈಯಿಟ್ಟರು. "ಆ ಪ್ರಯೋಗ ಆಮೇಲೆ ನೋಡೋಣ. ಮೊದಲು ನಿನ್ನ ಚೀಟಿ ಬರೆಸ್ಕೊಂಡು ಬಾ."

ಔಷಧಿಯ ಜೊತೆಗೆ ಕಾಳು, ಸೊಪ್ಪು, ಹಣ್ಣು, ಮೊಸರು, ದಿನಾ ಒಂದಿಷ್ಟು ನಡಿಗೆ ಎಂದಿದ್ದರು ಡಾಕ್ಟರಮ್ಮ. ಕುರ್ಚಿ ಬಿಟ್ಟು ಏಳದಿದ್ದ ಮಾವ ಅಂದು ಸಂಜೆ ಅಡುಗೆಮನೆಗೆ ಬಂದು, ತಾವೇ ಇಬ್ಬರಿಗಾಗುವಷ್ಟು ಕಾಳು ನೆನೆಹಾಕಿದರು. ಬೆಳಗ್ಗೆ ಅಳಿಯನ ಹೊದಿಕೆ ಎಳೆದರು. ಮೊದಮೊದಲು ಬೀದಿಯ ತಿರುವಿಗೇ ಇಬ್ಬರಿಗೂ ಏದುಸಿರು. ಹೋಗುತ್ತಾ ಹೋಗುತ್ತಾ ಮಾವನ ಹೊಟ್ಟೆ ಹಗುರಾಯಿತು, ನಿದ್ದೆ ಬಂತು, ಊಟದ ಹೊತ್ತಿಗೆ ಹಸಿವೂ ಕಾಣಿಸಿಕೊಂಡಿತು.

"ಯಾವುದರಿಂದ ಗುಣ ಆಯ್ತು?" ಅಂತ ಮಗಳು ಕೇಳಿದರೆ ಡಾಕ್ಟರಮ್ಮ ನಕ್ಕರು. "ಔಷಧಿಯೋ, ಸೊಪ್ಪೋ, ಜೊತೆಯೋ, ಬಿಡಿಸಿ ಹೇಳೋಕೆ ನನಗೂ ಬರಲ್ಲಮ್ಮಾ."

ಗುಡಾಣನಿಗೆ ಕೆಲವು ದಿನ ಇನ್ನೂ ಏಳಲು ಮನಸ್ಸಾಗುವುದಿಲ್ಲ. ಅಂಥ ಬೆಳಗ್ಗೆ ಮಾವ ಒಳಗೆ ಬಂದು, ಮಂಚದ ಅಂಚಿನಲ್ಲಿ ಸುಮ್ಮನೆ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಇವನೇ ಎದ್ದು ಚಪ್ಪಲಿ ಹುಡುಕುತ್ತಾನೆ.