ಆಕ್ಷೇಪಣೆ ಇದ್ದವರು ಈಗಲೇ ಹೇಳಿ

ಮಗಳ ಮದುವೆಯಲ್ಲಿ ದೇವರಿಲ್ಲ ಎಂಬ ಸುದ್ದಿಯನ್ನು ಅಮ್ಮ ಹೇಗೋ ನುಂಗಿಕೊಂಡಿದ್ದಳು. ಸೂರೂ ಇಲ್ಲ ಎಂದಾಗ ಅದು ಗಂಟಲಲ್ಲಿ ಸಿಕ್ಕಿಕೊಂಡಿತು.

"ದೇವರೂ ಬೇಡ, ಸೂರೂ ಬೇಡ. ಇದೇನು ಮದುವೆನೋ ಪಿಕ್‌ನಿಕ್ಕೋ?" ಎಂದು ಕೇಳಿದವಳು ಅವತ್ತೇ ಮಗಳ ಜೊತೆ ಮಾತು ಬಿಟ್ಟಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಅವಳೂ ಬಾಯಿಗೆ ಬೀಗ ಹಾಕಿಕೊಂಡು ಗೆಳತಿಯ ಮನೆ ಸೇರಿದಳು. ಇಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸ ಅಪ್ಪನ ಹೆಗಲೇರಿತು.

ಅಪ್ಪನಿಗೆ ಅದೇನು ಹೊಸದಲ್ಲ. ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿಯೇ ತಲೆ ನರೆಸಿಕೊಂಡವನು. ಪರದೆಯ ಮರೆಯಲ್ಲಿ ನಿಂತು, ರಾಜ ತೊದಲಿದಾಗಲೆಲ್ಲ ಮುಂದಿನ ಮಾತು ಪಿಸುಗುಟ್ಟಿ ಕಿರೀಟ ಉಳಿಸಿಕೊಟ್ಟವನು. ಚಪ್ಪಾಳೆ ರಾಜನಿಗೆ, ಗಂಟಲು ನೋವು ಇವನಿಗೆ. ಯಾರು ಯಾವಾಗ ಏನು ಹೇಳುತ್ತಾರೆಂದು ತನಗೆ ಮೊದಲೇ ಗೊತ್ತು ಎಂಬ ಸಣ್ಣದೊಂದು ಜಂಬ ಮಾತ್ರ ಆ ಕೆಲಸ ಬಿಟ್ಟ ಮೇಲೂ ಅವನನ್ನು ಬಿಟ್ಟಿರಲಿಲ್ಲ.

ಬಯಲಲ್ಲಿ ಮದುವೆಯಾಗಲು ಕಾನೂನೇನೂ ಅಡ್ಡ ಬರಲಿಲ್ಲ. ಆದರೆ ಕಾನೂನಿಗೂ ಅದರದೇ ಮಡಿ-ಮೈಲಿಗೆ ಉಂಟು. ಮೊದಲೇ ನೋಟಿಸ್ ಹಾಕಬೇಕು. ನೋಂದಣಿ ಅಧಿಕಾರಿ ಬಂದು ಜಾಗ ನೋಡಬೇಕು. ಸುತ್ತ ಹಗ್ಗ ಕಟ್ಟಿ, ಯಾರು ಬೇಕಾದರೂ ಒಳಗೆ ಬರಲೆಂದು ಒಂದು ಕಡೆ ಬಿಚ್ಚಿಡಬೇಕು. ಶಾಸ್ತ್ರವೇ ಬೇಡವೆಂದವರಿಗೆ ಹಗ್ಗದ ಶಾಸ್ತ್ರ ಬಂದು ಗಂಟುಬಿತ್ತು! ಕೊನೆಗೆ ಅಧಿಕಾರಿ, "ಈ ಮದುವೆಗೆ ಆಕ್ಷೇಪಣೆ ಇದ್ದವರು ಈಗಲೇ ಹೇಳಿ" ಎಂದು ನೆರೆದವರನ್ನು ಗಟ್ಟಿಯಾಗಿ ಕೇಳಬೇಕು.

ಇದನ್ನೆಲ್ಲ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ವರದಿ ಮಾಡಿದಾಗ ಅಮ್ಮನ ಕೈಯ ಚಾಕು ಗಕ್ಕನೆ ನಿಂತಿತು.

"ಹಾಗೆ ಕೇಳ್ತಾರಾ? ಎಲ್ಲರ ಮುಂದೆ?"

"ಕೇಳಲೇಬೇಕಂತೆ."

"ಹಾಗಾದ್ರೆ ಬರ್ತೀನಿ. ಮುಂದಿನ ಸಾಲಲ್ಲೇ ನನಗೊಂದು ಕುರ್ಚಿ ಹಾಕಿಸಿ. ನನಗೂ ಹೇಳೋದಿದೆ."

ಅವತ್ತಿನಿಂದ ಅಮ್ಮ ಪಾತ್ರೆ ಉಜ್ಜುವಾಗ, ಬಟ್ಟೆ ಮಡಚುವಾಗ ತನ್ನಷ್ಟಕ್ಕೆ ಏನೋ ಗೊಣಗಿಕೊಳ್ಳುವಳು. ಅಪ್ಪನ ನೆರಳು ಕಂಡರೆ ನಿಲ್ಲಿಸುವಳು. ಮಾತು ಬಾಯಿಪಾಠ ಮಾಡುವವರ ತುಟಿ ಹೇಗೆ ಆಡುತ್ತದೆಂದು ಅವನಿಗೆ ಗೊತ್ತಿಲ್ಲವೇ? ಏನು ಹೇಳುತ್ತೀಯೆಂದು ಅವನು ಕೇಳಲೂ ಇಲ್ಲ. ಕೇಳುವುದೇನು ಬಂತು, ಇನ್ನೇನು ಹೇಳಿಯಾಳು! ಅವಳೊಮ್ಮೆ ಎಲ್ಲರೆದುರು ಎದ್ದು ಬೇಡವೆಂದರೆ ಮಗಳು ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಆ ಭಯಕ್ಕೆ ಅವನಿಗೆ ಊಟ ಸೇರದಾಯಿತು.

ಮದುವೆಯ ಹಿಂದಿನ ದಿನ ಮಗಳು, ವರ, ಗೆಳತಿ, ಅಪ್ಪ ಸೇರಿ ಬಯಲಲ್ಲಿ ಗೂಟ ನೆಡುತ್ತಿದ್ದಾಗ ಅಧಿಕಾರಿ ಜಾಗ ನೋಡಲು ಬಂದಳು. ಕನ್ನಡಕದ ಸಣಕಲು ಹೆಂಗಸು. ಹಗ್ಗವನ್ನು ಎಲ್ಲ ಕಡೆ ಎಳೆದೆಳೆದು ನೋಡಿದಳು.

"ಬಂದಿದ್ದೀರಿ, ನಿಮ್ಮ ಮಾತೂ ಒಂದ್ಸಲ ರಿಹರ್ಸಲ್ ಆಗಿಬಿಡ್ಲಿ ಮೇಡಂ," ಎಂದ ಅಪ್ಪ.

"ನಮ್ಮಲ್ಲಿ ರಿಹರ್ಸಲ್ ಇಲ್ಲ ಯಜಮಾನ್ರೇ. ನಾನು ಕೇಳಿ, ಇವರು ಒಪ್ಪಿ, ಮೂವರು ಸಾಕ್ಷಿ ಸಹಿ ಹಾಕಿದ್ರೆ ಮದುವೆ ಆದ ಹಾಗೇನೇ. ನೋಟಿಸ್ ಅವಧಿ ಮುಗಿದಿದೆ, ಇವತ್ತೇ ಬೇಕಾದ್ರೂ ಆಗುತ್ತೆ. ಆದ್ರೆ ಒಮ್ಮೆ ಮುಗಿದ್ಮೇಲೆ ನಾಳೆ ಅದನ್ನೇ ಮತ್ತೆ ಕೇಳೋ ಹಾಗಿಲ್ಲ."

ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ. ಅಪ್ಪ ಮಗಳನ್ನು ಪಕ್ಕಕ್ಕೆ ಕರೆದ. "ಕಾಗದದ ಕೆಲಸ ಇವತ್ತೇ ಮುಗಿಸಿಬಿಡು ಪುಟ್ಟಿ. ನಾಳೆ ನಿಮ್ಮ ಮಾತು, ಹಾಡು, ಊಟ. ಅಮ್ಮನ ಬಾಯಿ ಗೊತ್ತಲ್ಲ?"

ಮಗಳು ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. ಅವಳ ಪ್ಯಾಂಟಿನ ತುಂಬ ಕೆಸರು, ವರನ ಕೈಯಲ್ಲಿ ಗೂಟ ಹೊಡೆಯುವ ಸುತ್ತಿಗೆ. ಸಾಕ್ಷಿಗೆ ಅಪ್ಪ, ಗೆಳತಿ ಮತ್ತು ಕುರ್ಚಿ ಬಾಡಿಗೆಗೆ ಕೊಡುವವನು. ಅಧಿಕಾರಿ ಖಾಲಿ ಬಯಲಿಗೆ ಮುಖಮಾಡಿ, ಆಕ್ಷೇಪಣೆ ಇದ್ದವರು ಈಗಲೇ ಹೇಳಿ ಎಂದಳು. ಹಗ್ಗದಾಚೆ ಒಂದು ನಾಯಿ ಆಕಳಿಸಿತು. ಆಕ್ಷೇಪಣೆ ಇಲ್ಲವೆಂದು ದಾಖಲಾಯಿತು.

ಮರುದಿನ ಅಮ್ಮ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ, ಸುಡುಬಿಸಿಲಲ್ಲಿ ಕೂತಳು. ಅಧಿಕಾರಿ ನಾಲ್ಕು ಒಳ್ಳೆಯ ಮಾತಾಡಿದಳು. ವಧೂವರರು ತಾವೇ ಬರೆದ ಮಾತು ಓದಿದರು. ಜನ ಚಪ್ಪಾಳೆ ತಟ್ಟಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಅಪ್ಪ ನಿಟ್ಟುಸಿರು ಬಿಟ್ಟ.

ಅಷ್ಟರಲ್ಲಿ ಅಮ್ಮ ಎದ್ದು ನಿಂತಳು. "ಮುಗೀತಾ? ಕೇಳಲೇ ಇಲ್ಲವಲ್ಲ!"

"ಏನಮ್ಮಾ?" ಎಂದಳು ಅಧಿಕಾರಿ.

"ಆಕ್ಷೇಪಣೆ ಇದೆಯಾ ಅಂತ."

"ಅದು ನಿನ್ನೆಯೇ ಕೇಳಾಯ್ತಲ್ಲ. ನಿಮ್ಮ ಯಜಮಾನ್ರೇ ಸಾಕ್ಷಿ."

ಅಮ್ಮ ಗಂಡನ ಕಡೆ ತಿರುಗಿದಳು. ಅವನು ನೆಲ ನೋಡಿದ. "ನಿನ್ನೆಯಾ? ನನ್ನ ಬಿಟ್ಟು?" ಎಂದವಳ ದನಿ ಕುಸಿಯಿತು.

ಮಗಳು ಎದುರಿಗೆ ಬಂದು ನಿಂತಳು. "ಏನು ಹೇಳಬೇಕಿತ್ತಮ್ಮ?" ಎಷ್ಟೋ ತಿಂಗಳ ಮೇಲೆ ಅದು ಅವಳ ಮೊದಲ ಮಾತು.

"ಇಲ್ಲ ಅಂತ. ಆಕ್ಷೇಪಣೆ ಇಲ್ಲ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಬೇಕು ಅಂತಿದ್ದೆ. ನಾನಾಗೇ ಬಂದು ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ಯಾರಾದ್ರೂ ಕೇಳಿದ್ರೆ ಹೇಳಿಬಿಡಬಹುದು ಅಂತ ದಿನಾ ಬಾಯಿಪಾಠ ಮಾಡ್ಕೊಂಡೆ."

ಮಗಳು ಅಧಿಕಾರಿಯ ಮುಖ ನೋಡಿದಳು. "ಮತ್ತೆ ಕೇಳೋಕೆ ಕಾನೂನಲ್ಲಿ ಬರಲ್ಲಮ್ಮ," ಎಂದು ಆಕೆ ಕನ್ನಡಕ ಒರೆಸಿಕೊಂಡಳು.

"ಹಾಗಾದ್ರೆ ನಾನೇ ಕೇಳ್ತೀನಿ," ಎಂದಳು ಮಗಳು. "ಈ ಮದುವೆಗೆ..." ಮುಂದಿನ ಮಾತಿಗೆ ತಡವರಿಸಿದಳು.

ಹುಟ್ಟುಗುಣ ಸುಟ್ಟರೂ ಹೋಗದು. "ಆಕ್ಷೇಪಣೆ ಇದ್ದವರು..." ಎಂದು ಅಪ್ಪನ ಕುರ್ಚಿಯಿಂದ ಪಿಸುದನಿಯೊಂದು ಎದ್ದಿತು.

"ನೀವು ಸುಮ್ಮನಿರಿ!" ಎಂದು ಅಮ್ಮ ಗದರಿದ ರಭಸಕ್ಕೆ ಇಡೀ ಬಯಲು ನಕ್ಕಿತು. ಮಗಳೂ ಕಣ್ಣೊರೆಸಿಕೊಂಡು ನಕ್ಕಳು, ನಕ್ಕು ಮಾತು ಪೂರ್ತಿ ಮಾಡಿದಳು.

ಅಮ್ಮ ಸೆರಗು ಸರಿಮಾಡಿಕೊಂಡು, ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳಿದಳು: "ಈ ಮದುವೆಗೆ ನನ್ನ ಆಕ್ಷೇಪಣೆ ಇಲ್ಲ. ನಮ್ಮ ಯಜಮಾನ್ರ ಮೇಲಿದೆ. ಅದನ್ನ ಮನೆಗೆ ಹೋಗಿ ಹೇಳ್ತೀನಿ."

ಅಪ್ಪನಿಗೆ ನಾಚಿಕೆಯೂ ಆಯಿತು, ಎದೆಯೂ ತುಂಬಿತು. ಮನೆಯಲ್ಲಿ ಅವಳು ಏನು ಹೇಳುತ್ತಾಳೋ ಅವನಿಗೆ ಗೊತ್ತಿರಲಿಲ್ಲ. ಈ ಸಲ ಕೇಳಿಯೇ ತಿಳಿಯಬೇಕಿತ್ತು.